ಚನಬಸು ಕಾಕಾನ ಗೋಲು

ಮೊನ್ನೆ ಕ್ಷೌರಕ್ಕೆಂದು ಮಹಾಂತೇಶನ ಅಂಗಡಿಗೆ ಹೋಗಿದ್ದೆ. ಕ್ಷೌರ ಎಂದರೆ ದೊಡ್ಡ ಮಾತಾಯಿತು; ನನ್ನ ತಲೆಯ ಮೇಲೆ ಅವನಿಗೆ ಮಾಡಲು ಅಂಥ ಕೆಲಸವೇನೂ ಉಳಿದಿಲ್ಲ. ಆದರೂ ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ, ಸಿಂದಗಿಯ ಸುದ್ದಿಯನ್ನೆಲ್ಲ ಕಿವಿಗೆ ಹಾಕಿಸಿಕೊಂಡು ಬರುವ ಚಟ ಬಿಟ್ಟಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಅಮೆರಿಕದ ಯಾವುದೋ ಕಾಲೇಜುಗಳ ಬಾಸ್ಕೆಟ್‌ಬಾಲ್ ನಡೆದಿತ್ತು. ನಡೆದಿತ್ತು ಅನ್ನುವುದಕ್ಕಿಂತ ಮುಗಿಯುತ್ತಿತ್ತು ಅನ್ನಬೇಕು, ಏಕೆಂದರೆ ಬರೀ ಕೊನೆಯ ಕ್ಷಣದ ಗೋಲುಗಳನ್ನೇ ಒಂದರ ಹಿಂದೊಂದು ಜೋಡಿಸಿ ತೋರಿಸುತ್ತಿದ್ದರು. ಹುಡುಗನೊಬ್ಬ ಆ ತುದಿಯಿಂದ ಚೆಂಡು ಎಸೆಯುತ್ತಾನೆ, ಬೋರ್ಡಿನ ಸುತ್ತ ಕೆಂಪು ದೀಪ ಹತ್ತುತ್ತದೆ, ಚೆಂಡು ಬಲೆಯೊಳಗೆ ಇಳಿಯುತ್ತದೆ, ಸಾವಿರಾರು ಮಂದಿ ಹುಚ್ಚೆದ್ದು ಕುಣಿಯುತ್ತಾರೆ. ಅದನ್ನೇ ಮತ್ತೆ ನಿಧಾನವಾಗಿ, ಮೇಲಿನಿಂದ, ಕೆಳಗಿನಿಂದ, ಬಗಲಿನಿಂದ ತೋರಿಸುತ್ತಾರೆ.

ಕತ್ತಿ ಎತ್ತಿ ಹಿಡಿದು ಟಿವಿ ನೋಡುತ್ತ ನಿಂತಿದ್ದ ಮಹಾಂತೇಶ, "ಇದೇನ್ ಬಿಡ್ರಿ ಸರ," ಅಂದ. "ನಿಮ್ಮ ಚನಬಸು ಕಾಕಾರ ಗೋಲಿನ ಮುಂದ ಇದೆಲ್ಲಾ ಏನೂ ಅಲ್ಲ."

ಸರದಿ ಕಾಯುತ್ತ ಕುಳಿತಿದ್ದ ಇಬ್ಬರು ಕೂಡಲೇ ಹೌದೌದು ಅಂದರು. ಅಲ್ಲಿಂದ ಶುರುವಾಯಿತು. ಒಬ್ಬನ ಪ್ರಕಾರ ಚೆಂಡು ಮೈದಾನದ ನಟ್ಟನಡುವಿನಿಂದ ಹಾರಿತ್ತು. ಇನ್ನೊಬ್ಬ ಅದನ್ನು ಇನ್ನೂ ಹಿಂದಕ್ಕೆ ಒಯ್ದು, ಬೇವಿನ ಗಿಡದ ಟೊಂಗೆಗೆ ಬಡಿಸಿ, ಅಲ್ಲಿಂದ ರಿಂಗಿಗೆ ಇಳಿಸಿದ. ಮಹಾಂತೇಶನಂತೂ ಕಾಕಾನೇ ಧೋತರ ಎತ್ತಿಕಟ್ಟಿ ಒಳಗೆ ನುಗ್ಗಿ ಗೋಲು ಹಾಕಿದ ಅಂದುಬಿಟ್ಟ. ಈ ಮಹಾಂತೇಶ ಆಗಿನ್ನೂ ಹುಟ್ಟಿರಲಿಲ್ಲ. ಅವನಪ್ಪನ ಮದುವೆಯೂ ಆಗಿರಲಿಲ್ಲ. ಅದನ್ನು ಹೇಳೋಣವೆಂದರೆ ನನ್ನ ಬಾಯಿಯ ಸುತ್ತ ನೊರೆ, ಗಂಟಲಿನ ಮೇಲೆ ಅವನ ಕತ್ತಿ.

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ನನ್ನಾಕೆ ಚಹಾ ತಂದಿಟ್ಟು, ಯಾರ ಮೇಲೆ ಇಷ್ಟು ಉರಿ ಅಂತ ಕೇಳಿದಳು. ಹೇಳಿದೆ. ಅವರು ಹೇಳಿದ್ದು ಸುಳ್ಳು ಅನಿಸಿದರೆ ಖರೇದು ಬರೆದಿಡಿ, ನನ್ನ ಮುಂದೆ ಮಾತ್ರ ಮತ್ತೆ ಹೇಳಬೇಡಿ, ನನಗೆ ಸಾಕಾಗಿದೆ ಅಂದಳು. ಆಕೆಯ ತವರು ಮುದ್ದೇಬಿಹಾಳ. ಆ ಊರಿನವರಿಗೆ ಈ ಕತೆ ಸಾಕಾಗುವುದಿಲ್ಲ ಎಂಬುದು ನನ್ನ ಅನುಭವ. ಆದ್ದರಿಂದ ಸಾಕಾಗಿರುವುದು ಕತೆಯಲ್ಲ, ನಾನು. ಇರಲಿ, ಬರೆಯುತ್ತೇನೆ. ನೀವಾದರೂ ಕೇಳಿ.

ಚನಬಸು ಕಾಕಾ ನನ್ನಪ್ಪನ ತಮ್ಮ. ಈಗಿಲ್ಲ. ಇದ್ದಷ್ಟು ದಿನ ಅವನು ಬಾಸ್ಕೆಟ್‌ಬಾಲನ್ನು ಕೈಯಿಂದ ಮುಟ್ಟಿದವನಲ್ಲ. ಸಿಂದಗಿಯಿಂದ ಹರದಾರಿ ದೂರದ ನಮ್ಮ ಊರಿನಲ್ಲಿ ಎರೆಹೊಲ ಮಾಡಿಕೊಂಡಿದ್ದ. ಆಳು ಎತ್ತರ, ಧ್ವನಿ ಇನ್ನೂ ಎತ್ತರ. ಹಳ್ಳದ ಆಚೆ ದಂಡೆಯಲ್ಲಿದ್ದವರಿಗೆ ಈಚೆ ದಂಡೆಯಿಂದ ಊಟಕ್ಕೆ ಕರೆಯುವಷ್ಟು ಧ್ವನಿ. ಅವನು ಗುಟ್ಟು ಹೇಳಿದರೆ ಮನೆಯ ಹಿಂದಿನ ದನಗಳೂ ಕಿವಿ ನಿಮಿರಿಸುತ್ತಿದ್ದವು ಎಂದು ನನ್ನವ್ವ ನಗುತ್ತಿದ್ದಳು. ಊರಿನಲ್ಲಿ ಯಾರೇ ಬಣವಿ ಒಟ್ಟಲಿ, ಮೇಲೆ ನಿಲ್ಲಲು ಕಾಕಾನೇ ಬೇಕು.

ಬಣವಿಯ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಜೋಳದ ರಾಶಿ ಮುಗಿದ ಮೇಲೆ ಕಣಿಕಿಯನ್ನು ಸಿವುಡು ಕಟ್ಟಿ ಒಟ್ಟುತ್ತಾರೆ. ಸಿವುಡು ಎಂದರೆ ಎರಡೂ ತೋಳಿನಿಂದ ತಬ್ಬಿ ಎತ್ತಬೇಕಾದ ದಂಟಿನ ಕಟ್ಟು. ಒಬ್ಬ ಬಣವಿಯ ಮೇಲೆ ನಿಂತು ಹಿಡಿದು ಹೊಂದಿಸುತ್ತಾನೆ, ಇನ್ನೊಬ್ಬ ನೆಲದಿಂದ ಎಸೆಯುತ್ತಾನೆ. ಬಣವಿ ಎತ್ತರವಾದ ಮೇಲೆ ಕೆಳಗಿನವನಿಗೆ ಮೇಲಿನವನು ಪೂರ್ತಿ ಕಾಣುವುದಿಲ್ಲ. ಅವನು ಬಗ್ಗಿ ಒಂದನ್ನು ಹೊಂದಿಸುತ್ತಿರುವಾಗ ಇನ್ನೊಂದು ಬಂದು ಬೆನ್ನಿಗೆ ಬಡಿಯಿತೋ, ಮನುಷ್ಯ ಸೀದಾ ಆಚೆ ಕಡೆ. ಹಾಗೆ ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಿದ್ದರು. ಅದಕ್ಕೇ ಒಂದು ಕಟ್ಟುನಿಟ್ಟು: ಮೇಲಿನವನು "ಬರ್ಲಿ" ಅನ್ನುವ ತನಕ ಕೆಳಗಿನವನು ಸಿವುಡು ಬಿಡಕೂಡದು. ತೊಡೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಮುಂದಿಟ್ಟು, ಮಾರಿ ಮೇಲೆತ್ತಿ ಕಾಯಬೇಕು. "ಬರ್ಲಿ" ಅಂದ ಕೂಡಲೇ ಹಾರಿಸಬೇಕು. ತಡ ಮಾಡಿದರೂ ಬೈಗುಳ. ನಮ್ಮ ಹುಡುಗರು ಮೀಸೆ ಮೂಡುವ ಮೊದಲೇ ಇದನ್ನು ಕಲಿತಿರುತ್ತಿದ್ದರು. ನಾನೂ ಕಲಿತಿದ್ದೆ ಅಂತ ಹೇಳಬಹುದು, ಆದರೆ ನಾನು ಎಸೆದ ಸಿವುಡು ಬಣವಿಯ ಅರ್ಧಕ್ಕೆ ಬಡಿದು ನನ್ನ ಮೇಲೇ ಬೀಳುತ್ತಿತ್ತು.

ಕಾಕಾನ ಮಗ ಶಂಕ್ರ. ನಾನೂ ಅವನೂ ಒಂದೇ ವಾರಗೆಯವರು, ಸಿಂದಗಿಯ ಕಾಲೇಜಿಗೆ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದವರು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಬೆಲ್‌ಬಾಟಮ್ ಪ್ಯಾಂಟು ನಮ್ಮ ಕಡೆಯೂ ಬಂದಿತ್ತು, ಅದು ಸೈಕಲ್ಲಿನ ಚೈನಿಗೆ ಸಿಕ್ಕಿ ಹರಿಯುವುದೂ ಬಂದಿತ್ತು. ಆ ಹೊತ್ತಿಗೇ ನಮ್ಮ ಆಟದ ಮಾಸ್ತರರು ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಶುರು ಮಾಡಿದರು. ಬಡಿಗೇರ ಹಲಗೆ ಜೋಡಿಸಿ ಬೋರ್ಡು ಮಾಡಿದ, ಕಂಬಾರ ರಿಂಗು ಬಡಿದುಕೊಟ್ಟ, ಸುಣ್ಣದಿಂದ ಗೆರೆ ಎಳೆದದ್ದಾಯಿತು. ರಿಂಗಿಗೆ ಬಲೆ ಇರಲಿಲ್ಲ. ಹೀಗಾಗಿ ಚೆಂಡು ರಿಂಗಿನೊಳಗೆ ಹೋಯಿತೋ ಹೊರಗಿನಿಂದ ಹೋಯಿತೋ ಎಂಬುದರ ಮೇಲೆ ಆಟಕ್ಕಿಂತ ಹೆಚ್ಚು ಹೊತ್ತು ಜಗಳ ನಡೆಯುತ್ತಿತ್ತು. ನಾನೂ ತಂಡಕ್ಕೆ ಸೇರಲು ಹೋದೆ. ಮಾಸ್ತರರು ನಾನು ಎಸೆದದ್ದನ್ನು ನೋಡಿ, ತಂಡದ ವಾಚು, ಅಂಗಿ, ಚಪ್ಪಲಿ ಕಾಯಲು ನಂಬಿಗಸ್ತ ಮನುಷ್ಯ ಬೇಕಾಗಿದ್ದಾನೆ ಅಂದರು. ಆ ಹುದ್ದೆಯಲ್ಲಿ ನಾನು ಕಾಲೇಜು ಮುಗಿಸಿದೆ. ಒಂದು ಚಪ್ಪಲಿಯೂ ಕಳೆಯಲಿಲ್ಲ.

ಶಂಕ್ರ ಮಾತ್ರ ಹುಟ್ಟಾ ಆಟಗಾರ. ಎರಡನೆಯ ವರ್ಷಕ್ಕೇ ಕ್ಯಾಪ್ಟನ್ ಆದ. ಇಂಡಿ, ತಾಳಿಕೋಟೆ, ಎಲ್ಲಿ ಹೋದರೂ ಅವನ ಹೆಸರು ಹಿಡಿದು ಕೂಗುವ ಹುಡುಗರಿದ್ದರು. ಅವನ ಹೆಸರು ಎತ್ತದವನು ಒಬ್ಬನೇ, ಅವನಪ್ಪ. ಕಾಕಾನಿಗೆ ಈ ಆಟದ ಮೇಲೆ ಒಂದೇ ತಕರಾರು. "ತಳಾ ಇಲ್ಲದ ಬುಟ್ಟ್ಯಾಗ ಚೆಂಡು ಹಾಕ್ತಾರಂತ. ಹಾಕಿದ್ದು ಕೆಳಗ ಬೀಳತೈತಿ, ಮತ್ತ ಹಾಕ್ತಾರಂತ. ಇದಕ್ಕ ಕಾಲೇಜ್ ಬ್ಯಾರೆ ಬೇಕೇನು?" ಇದನ್ನು ಕಟ್ಟೆಯ ಮೇಲೆ ಕೂತು ಹೇಳಿ ಹತ್ತು ಮಂದಿಯನ್ನು ನಗಿಸುತ್ತಿದ್ದ. ಶಂಕ್ರ ತಾನೂ ನಗುತ್ತಿದ್ದ. ಸೈಕಲ್ಲಿನ ಮೇಲೆ ನನ್ನ ಹಿಂದೆ ಕೂತಾಗ ಮಾತ್ರ, ಒಮ್ಮೆ ಅಪ್ಪ ಬಂದು ನೋಡಬೇಕೋ, ಒಮ್ಮೆ ನೋಡಿದರೆ ಹಾಗನ್ನಲಿಕ್ಕಿಲ್ಲ ಅನ್ನುತ್ತಿದ್ದ. ಅವನಿಗೆ ಕಪ್ಪು, ಪದಕ ಯಾವುದರ ಆಸೆಯೂ ಇರಲಿಲ್ಲ ಅಂತಲ್ಲ. ಆದರೆ ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಅದೊಂದೇ ಎಂಬುದು ನನಗೆ ಗೊತ್ತಿತ್ತು.

ಆ ವರ್ಷ ಸುತ್ತಲಿನ ಕಾಲೇಜುಗಳ ಪಂದ್ಯಾವಳಿಯಲ್ಲಿ ನಮ್ಮ ತಂಡ ಫೈನಲ್ಲಿಗೆ ಬಂತು. ಬಸವನ ಬಾಗೇವಾಡಿಯಲ್ಲಿ ಪಂದ್ಯ, ಎದುರಿಗೆ ಮುದ್ದೇಬಿಹಾಳ. ಹಿಂದಿನ ದಿನ ಶಂಕ್ರ ದನದ ಕೊಟ್ಟಿಗೆಗೆ ಹೋಗಿ, ಎತ್ತಿನ ಮೈ ತಿಕ್ಕುತ್ತಿದ್ದ ಕಾಕಾನ ಎದುರು ನಿಂತು, "ಒಂದ್ ಸಲ ಬಂದ್ ನೋಡಪಾ. ನೋಡಿದ ಮ್ಯಾಲ ಏನ್ ಬೇಕಾದ್ದು ಅನ್ನು," ಅಂದ. ಕಾಕಾ ಎತ್ತಿನ ಇನ್ನೊಂದು ಮಗ್ಗುಲಿಗೆ ಹೋಗಿ ತಿಕ್ಕತೊಡಗಿದ. ಮರುದಿನ ಬೆಳಿಗ್ಗೆ ನೋಡಿದರೆ ಮಡಿ ಧೋತರ, ಹೊಸ ರುಮಾಲು, ಕೈಯಲ್ಲಿ ಹುರಿದ ಶೇಂಗಾದ ಚೀಲ, ನಮಗಿಂತ ಮೊದಲೇ ಬಸ್ಸಿನಲ್ಲಿ ಕೂತಿದ್ದ. ಶಂಕ್ರನ ಮುಖ ನೀವು ನೋಡಬೇಕಿತ್ತು.

ಬಾಗೇವಾಡಿಯವರು ಮೈದಾನವನ್ನು ಚೆನ್ನಾಗಿ ಸಿಂಗರಿಸಿದ್ದರು. ಸಂಕ್ರಮಣ ಮುಗಿದು ಸ್ವಲ್ಪ ದಿನ. ಬಿಸಿಲು ಇನ್ನೂ ಹಿತವಾಗಿತ್ತು. ಒಂದು ಬದಿ ಬೇವಿನ ಗಿಡಕ್ಕೆ ರೈಲುಹಳಿಯ ತುಂಡು ತೂಗುಬಿಟ್ಟಿದ್ದರು. ಸಮಯ ಮುಗಿದಾಗ ಅದನ್ನು ಬಾರಿಸಲು ಜವಾನ ಕಬ್ಬಿಣದ ಸರಳು ಹಿಡಿದು ಸಿದ್ಧ. ರಿಂಗಿಗೆ ಬಲೆ ಕಟ್ಟಿದ್ದರು! ತಂಗಡಗಿಯಲ್ಲಿ ಹೊಳೆಯ ಮೀನು ಹಿಡಿಯುವವರೊಬ್ಬರ ಕೈಯಲ್ಲಿ ಹೆಣೆಸಿ ತಂದದ್ದಂತೆ. ಹೆಣೆದವರಿಗೆ ಮೀನು ಗೊತ್ತು, ಚೆಂಡು ಗೊತ್ತಿರಲಿಲ್ಲ. ಬಲೆಯ ಕೆಳಬಾಯಿ ಬಿಗಿಯಾಗಿಬಿಟ್ಟಿತ್ತು. ಒಳಗೆ ಹೋದ ಚೆಂಡು ನೆಲುವಿನೊಳಗಿನ ಗಡಿಗೆಯ ಹಾಗೆ ಅಲ್ಲೇ ತೂಗಾಡುತ್ತಿತ್ತು. ಪ್ರತಿ ಗೋಲಿಗೂ ಯಾರೋ ಬಡಿಗೆಯಿಂದ ತಿವಿದು ಕೆಡವಬೇಕು. ಕಾಕಾ ಮೊದಲ ಗೋಲು ಬಿದ್ದಾಗಲೇ, ನೋಡು, ಬಾಗೇವಾಡಿಯವರು ಶಾಣ್ಯಾರು, ಬುಟ್ಟಿಗೆ ತಳ ಹಾಕಿಸಿದ್ದಾರೆ ಅಂತ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದ.

ನಾನು ಬಟ್ಟೆಬರೆಗಳ ಗುಡ್ಡೆಯ ಮೇಲೆ ಕೂತು ಆಟಕ್ಕಿಂತ ಕಾಕಾನನ್ನೇ ಹೆಚ್ಚು ನೋಡಿದೆ. ಮೊದಮೊದಲು ಶೇಂಗಾ ಸುಲಿಯುತ್ತ ಆಕಳಿಸುತ್ತಿದ್ದ. ಆಮೇಲೆ ಪಕ್ಕದವನನ್ನು ಫೌಲ್ ಎಂದರೇನು ಅಂತ ಕೇಳಿದ. ಆಮೇಲೆ ಫೌಲ್ ಎಂದರೇನು ಅಂತ ತಾನೇ ಪಕ್ಕದವನಿಗೆ ಹೇಳತೊಡಗಿದ. ಶಂಕ್ರ ಇಬ್ಬರನ್ನು ತಪ್ಪಿಸಿ ಜಿಗಿದು ಒಂದು ಗೋಲು ಹಾಕಿದಾಗ ಶೇಂಗಾದ ಚೀಲ ನೆಲಕ್ಕೆ ಬಿತ್ತು. ಅಂವ ನನ್ನ ಮಗ, ಆ ಕ್ಯಾಪ್ಟನ್ ಅದಾನಲ್ಲ ಅಂವ, ಅಂತ ಎದುರು ಪಕ್ಷದವರಿಗೂ ಹೇಳಿ ಬಂದ. ಆಡುತ್ತಾಡುತ್ತಲೇ ಶಂಕ್ರ ಒಮ್ಮೆ ನನ್ನ ಕಡೆ ನೋಡಿ ಕಣ್ಣಿನಲ್ಲೇ ಕೇಳಿದ, ನೋಡಾಕತ್ತಾನೇನು ಅಂತ. ನಾನು ಹೌದೆಂದು ಗೋಣು ಹಾಕಿದೆ. ಅಷ್ಟು ಖುಷಿಯಾಗಿ ಅವನು ಆಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಆಟ ಕೊನೆಗೆ ಬಂತು. ನಾವು ಒಂದು ಅಂಕ ಮುಂದೆ. ಮುದ್ದೇಬಿಹಾಳದ ಉದ್ದನೆಯ ಹುಡುಗ ಫೌಲುಗಳಾಗಿ ಹೊರಗೆ ಹೋಗಿದ್ದ. ಅವನ ಬದಲಿಗೆ ತಾಳಿಕೋಟೆ ಕಡೆಯ ಹಣಮಂತ ಅನ್ನುವ ಬರಿಗಾಲಿನ ಹುಡುಗನನ್ನು ಇಳಿಸಿದ್ದರು. ಅವನು ಬಂದಾಗಿನಿಂದ ಚೆಂಡು ಮುಟ್ಟಿರಲಿಲ್ಲ, ಯಾರೂ ಅವನನ್ನು ಕಾಯುತ್ತಲೂ ಇರಲಿಲ್ಲ. ಜವಾನ ಸರಳು ಎತ್ತಿ ನಿಂತ. ರಿಂಗಿನ ಕೆಳಗೆ ಗುದ್ದಾಟವಾಗಿ, ಚೆಂಡು ಯಾರದೋ ಮೊಣಕೈಗೆ ಬಡಿದು ಪುಟಿಯುತ್ತ ಪುಟಿಯುತ್ತ ಹೋಗಿ ಹಣಮಂತನ ಕೈಗೆ ಸೇರಿತು. ಪಾಪ, ಹುಡುಗ ಗಾಬರಿಯಾದ. ಅವನ ಕಡೆಯವರೆಲ್ಲ ಹೊಡಿ, ಹಾಕು, ಒಗಿ ಅಂತ ಒಂದೇ ಸಮನೆ ಒದರುತ್ತಿದ್ದಾರೆ. ಅವನು ಚೆಂಡನ್ನು ಎರಡೂ ಕೈಯಲ್ಲಿ ತೊಡೆಯ ಹತ್ತಿರ ಹಿಡಿದ. ಒಂದು ಕಾಲು ಮುಂದಿಟ್ಟ. ಮಾರಿ ಮೇಲೆತ್ತಿ ಬೋರ್ಡು ನೋಡಿದ. ನೋಡುತ್ತ ನಿಂತೇಬಿಟ್ಟ.

ಆ ಗದ್ದಲದ ಮೇಲೆ, ನಮ್ಮ ಸಿಂದಗಿಯವರ ನಡುವಿನಿಂದ, ಹಳ್ಳದ ಆಚೆ ದಂಡೆಗೂ ಕೇಳುವ ಒಂದು ಧ್ವನಿ ಬಂತು.

"ಬರ್ಲಿ!"

ಹಣಮಂತನ ಕೈ ತಾನಾಗಿ ಎದ್ದಿತು. ಚೆಂಡು ತೊಡೆಯಿಂದ ಹೊರಟು, ಎಲ್ಲರ ತಲೆಯ ಮೇಲೆ ಏರಿ, ಅಲ್ಲಿ ಒಂದು ಕ್ಷಣ ತಡೆದು ಇಳಿಯತೊಡಗಿತು. ಅದು ಗಾಳಿಯಲ್ಲಿರುವಾಗಲೇ ಜವಾನ ರೈಲುಹಳಿ ಬಾರಿಸಿದ. ಚೆಂಡು ಬಂದು ಬಲೆಯೊಳಗೆ ಕೂತಿತು. ಕೂತದ್ದು ಕೂತೇ ಇತ್ತು, ಎಲ್ಲರಿಗೂ ಕಾಣುವಂತೆ. ಹೋಯಿತೋ ಇಲ್ಲವೋ ಎಂದು ಜಗಳಾಡಲು ಕೂಡ ನಮಗೆ ದಾರಿ ಇರಲಿಲ್ಲ.

ಕೂಗಿದವರು ಯಾರು ಅಂತ ಎಲ್ಲರೂ ತಿರುಗಿ ನೋಡಿದರು. ಕಾಕಾ ಎರಡೂ ಕೈ ಮೇಲೆತ್ತಿಕೊಂಡು, ಬರುವ ಸಿವುಡು ಹಿಡಿಯಲು ನಿಂತ ಹಾಗೆ ನಿಂತಿದ್ದ. ಕೈ ಇಳಿಸಬೇಕು ಅನ್ನುವುದೂ ಅವನಿಗೆ ಹೊಳೆದಿರಲಿಲ್ಲ. ಮುದ್ದೇಬಿಹಾಳದವರು ಮೊದಲು ಹಣಮಂತನನ್ನು ಹೆಗಲ ಮೇಲೆ ಎತ್ತಿದರು. ಆಮೇಲೆ ಯಾವನೋ ಕಿಡಿಗೇಡಿಗೆ ಏನು ಹೊಳೆಯಿತೋ, ಓಡಿ ಬಂದು ಕಾಕಾನನ್ನೂ ಎತ್ತಿದರು. ಆ ಎತ್ತರದಿಂದ ಕಾಕಾ, ಬಿಡ್ರೋ, ನಾ ಸಿಂದಗ್ಯಾಂವ, ಬಿಡ್ರೋ ಅಂತ ಅಂಗಲಾಚುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ಶಂಕ್ರ ರಿಂಗಿನ ಕೆಳಗೆ ನಿಂತು ಅದನ್ನೆಲ್ಲ ನೋಡಿದ. ನಂತರ ಬಂದು ನನ್ನ ಹತ್ತಿರ ಅಂಗಿ ಇಸಿದುಕೊಂಡು ತೊಟ್ಟು, ಬಸ್ಸಿನ ಕಡೆ ನಡೆದ.

ಬಸ್ಸಿನಲ್ಲಿ ಕಾಕಾ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ. ಆ ಹುಡುಗ ಸಿವುಡು ಹಿಡಿದ ಹಾಗೇ ಹಿಡಿದು ನಿಂತಿದ್ದ, ಮಾರಿಯೂ ಹಾಗೇ ಮೇಲೆತ್ತಿದ್ದ, ತನ್ನ ಬಾಯಿ ತಾನಾಗೇ ಅಂದುಬಿಟ್ಟಿತು, ತನಗೆ ಅಂದದ್ದೇ ಗೊತ್ತಾಗಲಿಲ್ಲ. ಒಕ್ಕಲುತನ ಮಾಡಿದ ಯಾರಿಗೇ ಆಗಲಿ ಅದು ಅರ್ಥವಾಗುವ ಮಾತು. ಶಂಕ್ರ ನನ್ನ ಮಗ್ಗುಲಿಗೆ ಕೂತು ಹೊರಗೆ ನೋಡುತ್ತಿದ್ದ. ಊರು ಸಮೀಪ ಬಂದಾಗ ಒಂದೇ ಮಾತು ಅಂದ. "ಮಂದೀ ಹುಡುಗನ ಕೈಯಾಗಿನ ಚೆಂಡು ಅಪ್ಪಗ ಸಿವುಡಾಗಿ ಕಂಡ್ತು. ನಾ ದಿನಪೂರ್ತಿ ಆಡಿದ್ದು ಏನಾಗಿ ಕಂಡಿತ್ತೋ ಏನೋ."

ಅವತ್ತಿನಿಂದ ಅವನು ಅಪ್ಪನ ಜೊತೆ ಮಾತು ಬಿಟ್ಟ.

ಒಂದೇ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ, ಅದಕ್ಕೂ ಒಂದು ವ್ಯವಸ್ಥೆ ಬೇಕು. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಇಬ್ಬರ ನಡುವೆ ಮಾತು ಹೊತ್ತು ಹೊತ್ತು ದಣಿದಳು. ಆಕೆ ಇಲ್ಲದ ಹೊತ್ತಿನಲ್ಲಿ ಕಾಕಾ ಎತ್ತಿನ ಮುಂದೆ ಹೇಳುತ್ತಿದ್ದ: ನಾಳೆ ಹೊಲಕ್ಕೆ ಗಳೆ ಹೊಡೆಯಬೇಕಪ್ಪ, ಒಬ್ಬನ ಕೈಯಿಂದ ಆಗುವ ಕೆಲಸವಲ್ಲ. ಎತ್ತು ಮೆಲುಕು ಹಾಕುತ್ತ ಕೇಳಿಸಿಕೊಳ್ಳುತ್ತಿತ್ತು, ಶಂಕ್ರ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ಕೆಲಸಕ್ಕೆ ಎಂದೂ ಇಲ್ಲ ಅನ್ನಲಿಲ್ಲ. ಮಾತು ಮಾತ್ರ ಇಲ್ಲ.

ಊರಿನವರು ಸುಮ್ಮನಿರುವವರೇ? ಕಾಕಾ ಚಹಾದ ಅಂಗಡಿ ಮುಂದೆ ಹಾಯ್ದರೆ ಸಾಕು, ಒಳಗಿನಿಂದ ಯಾರಾದರೂ "ಬರ್ಲಿ" ಅನ್ನುತ್ತಿದ್ದರು. ಸಿಂದಗಿಯ ಸಂತೆಗೆ ಹೋದರೆ ಗುರುತಿಲ್ಲದವರೂ ಬಂದು, ಮುದ್ದೇಬಿಹಾಳಕ್ಕೆ ಗೋಲು ಕೊಟ್ಟವರು ನೀವೇ ಏನ್ರಿ ಅಂತ ಕೈ ಮುಗಿಯುತ್ತಿದ್ದರು. ಕಾಕಾ ಮೊದಲು ಸಂತೆ ಬಿಟ್ಟ, ಆಮೇಲೆ ಕಟ್ಟೆ ಬಿಟ್ಟ. ಕೊನೆಗೆ ಆ ಶಬ್ದವನ್ನೇ ಬಿಟ್ಟುಬಿಟ್ಟ. ಬಾಗಿಲಿಗೆ ಬೀಗರು ಬಂದರೆ ಒಳಗೆ ಬರ್ಲಿ ಅನ್ನುವ ಬದಲು, ಒಳಗ ಕರೀರಿ ಅನ್ನುತ್ತಿದ್ದ. ಇನ್ನೊಂದು ರೊಟ್ಟಿ ಬರಲೇನು ಅಂತ ಚಿಗವ್ವ ಕೇಳಿದರೆ ಗೋಣು ಅಲ್ಲಾಡಿಸುತ್ತಿದ್ದ. ಸುಗ್ಗಿ ಬಂತು. ಊರಿನವರು ಬಣವಿಗೆ ಕರೆದರೆ ಮೊಣಕಾಲು ನೋವು ಅಂದ. ತನ್ನ ಕಣದಲ್ಲಿ ಮಾತ್ರ ಬೇರೆ ದಾರಿಯಿರಲಿಲ್ಲ. ತಾನು ಮೇಲೆ, ಶಂಕ್ರ ಕೆಳಗೆ. ನಾನೂ ಇದ್ದೆ. ಮೇಲಿನಿಂದ ಕಾಕಾ ಚಪ್ಪಾಳೆ ತಟ್ಟುತ್ತಿದ್ದ, ಕೆಳಗಿನಿಂದ ಶಂಕ್ರ ಸಿವುಡು ಎಸೆಯುತ್ತಿದ್ದ. ಸಂಜೆಯ ತನಕ ಬರೀ ಚಪ್ಪಾಳೆ. ಅಂಥ ಗಟ್ಟಿ ಧ್ವನಿಯ ಮನುಷ್ಯ ಕೈ ತಟ್ಟುತ್ತ ನಿಂತದ್ದನ್ನು ನನಗೆ ನೋಡಲಾಗಲಿಲ್ಲ. ಶಂಕ್ರನಿಗೆ ಹೇಳಿದೆ, ಸಾಕೋ ಮಾರಾಯ, ಎಷ್ಟಂತ ಎಳೀತಿ. ಅವನು ನನ್ನ ಮೇಲೂ ಸಿಟ್ಟಾಗಿ, ಮರುದಿನ ಕಾಲೇಜಿಗೆ ಸೈಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಳ್ಳದೆ ಹೋದ. ಹರದಾರಿ ನಡೆದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಎಷ್ಟೋ ವರ್ಷಗಳ ನಂತರ ತಾಳಿಕೋಟೆಯ ಬಸ್‌ನಿಲ್ದಾಣದಲ್ಲಿ ನನಗೆ ಈ ಹಣಮಂತ ಸಿಕ್ಕಿದ. ಸಾಲಿ ಮಾಸ್ತರನಾಗಿದ್ದ, ಹೊಟ್ಟೆ ಬಂದಿತ್ತು. ಆ ಗೋಲಿನ ಬಗ್ಗೆ ಕೇಳಿದೆ. ಎಲ್ಲರಿಗೂ ಅದು ನೆನಪಿದೆಯಂತೆ, ಅವನೊಬ್ಬನಿಗೆ ಇಲ್ಲ. ಬೋರ್ಡು ನೋಡಿದ್ದು ನೆನಪು, ನಮ್ಮಣ್ಣ ಬಣವಿಯ ಮೇಲಿನಿಂದ ಕರೆದ ಹಾಗಾದದ್ದು ನೆನಪ್ರಿ, ಆಮೇಲೆ ಮಂದಿಯ ಹೆಗಲ ಮೇಲಿದ್ದೆ ಅಂದ. ಆ ಒಂದು ಗೋಲು ಬಿಟ್ಟರೆ ಜೀವಮಾನದಲ್ಲಿ ಮತ್ತೊಂದು ಹಾಕಲಿಲ್ಲವಂತೆ. ಕಾಕಾನ ಆರೋಗ್ಯ ಬಹಳ ಕಾಳಜಿಯಿಂದ ವಿಚಾರಿಸಿದ. ನನ್ನ ಚಹಾದ ಬಿಲ್ಲನ್ನೂ ಅವನೇ ಕೊಟ್ಟ.

ಇಷ್ಟರ ತನಕದ್ದು ನಮ್ಮ ಸುತ್ತಿನ ತಾಲೂಕುಗಳಲ್ಲಿ ಒಂದಿಲ್ಲೊಂದು ರೀತಿ ಎಲ್ಲರಿಗೂ ಗೊತ್ತು. ಮದುವೆಯ ಪಂಕ್ತಿಯಲ್ಲಿ, ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೊಲದಲ್ಲಿ ಕೂತಾಗ, ಈಗ ಮಹಾಂತೇಶನ ಅಂಗಡಿಯಲ್ಲಿ, ಎಲ್ಲ ಕಡೆ ಅದನ್ನೇ ಹೇಳುತ್ತಾರೆ. ಆಟ ನೋಡುವವರ ಸ್ವಭಾವವೇ ಹೀಗೆ. ಬುಟ್ಟಿಗೆ ಬಿದ್ದ ಚೆಂಡನ್ನು ಐವತ್ತು ವರ್ಷ ನೆನಪಿಡುತ್ತಾರೆ. ನನಗೆ ಹೆಚ್ಚು ನೆನಪಿರುವುದು ಬೀಳದೆ ಹೋದ ಇನ್ನೊಂದು. ಅದನ್ನು ನೋಡಿದವರಿಗೂ ಅದು ಮರೆತುಹೋಗಿದೆ.

ಮರುವರ್ಷ ಪಂದ್ಯಾವಳಿ ಇಂಡಿಯಲ್ಲಿ. ಶಂಕ್ರನಿಗೆ ಅದು ಕೊನೆಯ ವರ್ಷ. ನಮ್ಮ ತಂಡ ಮತ್ತೆ ಫೈನಲ್ಲಿಗೆ ಬಂತು, ಈ ಸಲ ಎದುರಿಗೆ ಇಂಡಿಯವರೇ. ಶಂಕ್ರ ಮನೆಯಲ್ಲಿ ಯಾರನ್ನೂ ಕರೆಯಲಿಲ್ಲ. ಹೊರಡುವ ದಿನ ಮುಂಜಾನೆ ಕಾಕಾ ನನ್ನನ್ನು ಹಿತ್ತಿಲಿಗೆ ಕರೆದು, ತಾನೂ ಬರುವವನಿದ್ದೇನೆ, ಹಿಂದಿನ ಬಸ್ಸಿಗೆ ಬರುತ್ತೇನೆ, ಅವನಿಗೆ ಹೇಳಬೇಡ ಅಂದ. ಪಿಸುಗುಟ್ಟಿದ ಅಂತಲೇ ಅವನ ನಂಬಿಕೆ. ಓಣಿಯ ತುದಿಯಲ್ಲಿ ನೀರು ತರುತ್ತಿದ್ದವರು ತಿರುಗಿ ನೋಡಿದರು. ಬೇಡ ಕಾಕಾ, ಮತ್ತೆ ಏನಾದರೂ ಆದೀತು ಅಂದೆ. ಏನೂ ಆಗದಂತೆ ಬಂದೋಬಸ್ತು ಮಾಡಿಕೊಂಡೇ ಬರುತ್ತೇನೆ ಅಂದ.

ಬಂದೋಬಸ್ತು ಏನೆಂಬುದು ಇಂಡಿಯಲ್ಲಿ ಕಂಡಿತು. ರುಮಾಲನ್ನು ಗದ್ದದ ಕೆಳಗಿನಿಂದ ಸುತ್ತಿ, ಬಾಯಿ ಮುಚ್ಚಿ, ತಲೆಯ ಮೇಲೆ ಗಂಟು ಹಾಕಿಕೊಂಡು ಬಂದಿದ್ದ. ನೋಡಿದವರು ಹಲ್ಲುನೋವೇನ್ರಿ ಅಂದರೆ ಹೌದೆಂದು ಗೋಣು ಹಾಕುತ್ತಿದ್ದ. ಇಂಡಿಯ ಮಂದಿ ಉಪಕಾರಿಗಳು. ಒಬ್ಬ ಲವಂಗ ತಂದುಕೊಟ್ಟ, ಇನ್ನೊಬ್ಬ ಉಪ್ಪು ಹಚ್ಚಿದ ಲಿಂಬಿಹೋಳು ಕೊಟ್ಟು ಇದನ್ನು ಅವುಚಿಕೊಳ್ಳಿ ಅಂದ. ಕಾಕಾ ಎಲ್ಲ ತೆಗೆದುಕೊಂಡು ಅಂಗಿಯ ಬಕ್ಕಣಕ್ಕೆ ಇಳಿಸಿದ. ಆ ಎತ್ತರದ ಆಳು, ತಲೆಯ ಮೇಲೆ ಮೊಲದ ಕಿವಿಯ ಹಾಗೆ ನಿಂತ ಗಂಟು. ಇಡೀ ಮೈದಾನದಲ್ಲಿ ಬೇರೆ ಯಾರು ಕಾಣದಿದ್ದರೂ ಅವನು ಕಾಣುತ್ತಿದ್ದ. ಶಂಕ್ರ ಆಟ ಶುರುವಾಗುವ ಮೊದಲೇ ನೋಡಿದ. ನೋಡಿ, ನೋಡದವನ ಹಾಗೆ ತಿರುಗಿಕೊಂಡ.

ಆಟ ಬಿಗಿಯಾಗಿತ್ತು. ಕಾಕಾ ಒಮ್ಮೆಯೂ ಕೂರಲಿಲ್ಲ. ಶಂಕ್ರ ಗೋಲು ಹಾಕಿದಾಗಲೆಲ್ಲ ರುಮಾಲಿನೊಳಗಿನಿಂದ ಒಂದು ನರಳಿಕೆ ಬರುತ್ತಿತ್ತು; ಲವಂಗ ಕೊಟ್ಟವನು ಪಾಪ ಬಹಳ ನೋವೈತಿ ಅಂತ ಮರುಗುತ್ತಿದ್ದ. ಕೊನೆಯ ಗಳಿಗೆಗೆ ಬರುವಾಗ ನಾವು ಒಂದೇ ಅಂಕ ಹಿಂದೆ. ಚೆಂಡು ಶಂಕ್ರನಿಗೆ ಸಿಕ್ಕಿತು. ಅವನಿಗೆ ಬೇಕಾದ ಜಾಗವೇ, ಎದುರಿಗೆ ಯಾರೂ ಇಲ್ಲ. ಅಲ್ಲಿಂದ ಅವನು ಕಣ್ಣು ಕಟ್ಟಿದರೂ ಗೋಲು ಹಾಕುತ್ತಿದ್ದ. ಚೆಂಡು ಎತ್ತಿದವನು ಒಂದು ಉಸಿರಿನಷ್ಟು ಹೊತ್ತು ತಡೆದ. ತಡೆದು, ಬೋರ್ಡಿನ ಕಡೆಯಲ್ಲ, ಕಾಕಾನ ಕಡೆ ನೋಡಿದ. ನಾನು ನೋಡಿದೆ, ಆದರೆ ಅದೇಕೆಂದು ಆಗ ತಿಳಿಯಲಿಲ್ಲ. ಕಾಕಾ ಎರಡೂ ಕೈಯಲ್ಲಿ ರುಮಾಲನ್ನು ಬಾಯಿಗೆ ಒತ್ತಿ ಹಿಡಿದಿದ್ದ. ಕಣ್ಣು ಮುಚ್ಚಿದ್ದ. ಶಂಕ್ರ ಎಸೆದ. ಚೆಂಡು ರಿಂಗಿಗೆ ಬಡಿದು, ಅದರ ಮೇಲೇ ಒಂದು ಸುತ್ತು ತಿರುಗಿ, ಹೊರಗೆ ಬಿತ್ತು. ಗಂಟೆ ಹೊಡೆಯಿತು.

ಇಂಡಿಯವರು ಕುಣಿದರು. ಮಾಸ್ತರರು ಶಂಕ್ರನ ಬೆನ್ನು ತಟ್ಟಿ, ಇರಲಿ ಬಿಡು ಅಂದರು. ಅವನು ಅವರನ್ನು ದಾಟಿ, ಗೆದ್ದವರ ನಡುವಿನಿಂದ ಹಾಯ್ದು, ಸೀದಾ ಕಾಕಾನ ಎದುರಿಗೆ ಬಂದು ನಿಂತ. ಸೋತ ಸಿಟ್ಟಿನಲ್ಲಿ ಇಷ್ಟು ಮಂದಿಯ ಮುಂದೆ ಏನು ಅನ್ನುತ್ತಾನೋ ಅಂತ ನಾನೂ ಓಡಿ ಹೋದೆ.

"ಹಲ್ಲು ನೂಸಾಕತ್ತಾವೇನು?" ಅಂದ ಶಂಕ್ರ. ವರ್ಷದ ಮೇಲೆ ಅಪ್ಪನ ಜೊತೆ ಆಡಿದ ಮೊದಲ ಮಾತು ಅದು.

ಕಾಕಾ ಇಲ್ಲವೆಂದು ತಲೆ ಅಲ್ಲಾಡಿಸಿದ. ಶಂಕ್ರ ಕೈ ಎತ್ತಿ, ತಾನೇ ಆ ಗಂಟು ಬಿಚ್ಚಿ, ರುಮಾಲು ಕೆಳಗಿಳಿಸಿದ.

"ಮತ್ತ ಯಾಕ ಸುಮ್ನ ನಿಂತಿ? ಹ್ವಾದ ವರ್ಷ ಮಂದೀ ಮಗಗ ಒದರಿದಿ. ಇವತ್ತ ನನಗೊಮ್ಮೆ ಒದರಾಕ ಏನಾಗಿತ್ತು ನಿನಗ?"

ಕಾಕಾ ಬಾಯಿ ತೆರೆದ. ಧ್ವನಿ ಬರಲಿಲ್ಲ. ನಮ್ಮ ಕಾಕಾನಿಗೆ ಧ್ವನಿ ಬಾರದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನನಗೂ ಶಂಕ್ರನಿಗೂ ಮಾತ್ರ ಕೇಳುವಷ್ಟು ಸಣ್ಣಗೆ, "ನನ್ನ ಧ್ವನಿ ನಿನಗ ಬ್ಯಾಡಾಗೇತಿ ಅಂತ ತಿಳದಿದ್ನೆಪಾ," ಅಂದ. ಅಂದು, ಅಷ್ಟು ಮಂದಿಯ ನಡುವೆ ಅತ್ತುಬಿಟ್ಟ. ಲವಂಗ ಕೊಟ್ಟವನು ಇನ್ನೊಂದು ಲವಂಗ ಹಿಡಿದುಕೊಂಡು ಬರುತ್ತಿದ್ದ. ನಾನು ಅವನನ್ನು ಅಲ್ಲೇ ತಡೆದೆ.

ಶಂಕ್ರ ಕಾಕಾನ ಕೈಚೀಲ ಎತ್ತಿಕೊಂಡು ಮುಂದೆ ನಡೆದ, ಕಾಕಾ ಹಿಂದೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ನಾನು ಅವರ ಹಿಂದೆ ತಂಡದ ಚಪ್ಪಲಿಗಳ ಜೊತೆ. ಸ್ವಲ್ಪ ದೂರ ಹೋದ ಮೇಲೆ ಕಾಕಾ ಕೆಮ್ಮಿ, ನಿನ್ನ ಎಡಗಾಲು ಹಿಂದಿತ್ತು, ಅದಕ್ಕೇ ಚೆಂಡು ಹೊರಗೆ ಬಿತ್ತು ಅಂದ. ಶಂಕ್ರ ಹೌದೇನು ಅಂದ. ಸಾಕಾಯಿತು. ಅಲ್ಲಿಂದ ಶುರು ಮಾಡಿದ ಕಾಕಾ, ಕಂಡಕ್ಟರ್ ತಿರುಗಿ ನೋಡಿದರೂ, ಮುಂದಿನ ಸೀಟಿನ ಕೂಸು ಎದ್ದು ಅತ್ತರೂ, ಸಿಂದಗಿ ಬರುವ ತನಕ ಬಾಯಿ ಮುಚ್ಚಲಿಲ್ಲ. ಮುಚ್ಚು ಅಂತ ಶಂಕ್ರನೂ ಅನ್ನಲಿಲ್ಲ.